ಕೊಡೆ ಮಾಡುವ ಮನೆಯವರು ಮತ್ತು ನನ್ನ ಗಂಗಾಳ

ಸ್ವಲ್ಪ ತಾಳಿ. ಕ್ಷಯ ಎಂಬ ಮಾತು ಕಂಡ ಕೂಡಲೇ ಪುಟ ತಿರುಗಿಸಬೇಡಿ. ಇದರಲ್ಲಿ ಒಂದು ಜಪಾನಿ ಕಾದಂಬರಿ ಬರುತ್ತದೆ, ಅದು ಬರುವವರೆಗಾದರೂ ಕಾಯಿರಿ. ಆ ಕಾದಂಬರಿಯಲ್ಲಿ ಏನೂ ನಡೆಯುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹಾಗೆ ಏನೂ ನಡೆಯದ ಪುಸ್ತಕವೊಂದು ಕುರುಗೋಡಿನ ನಮ್ಮ ಮನೆಯಲ್ಲಿ ಏನು ನಡೆಸಿತು ಎಂದು ಹೇಳುವುದಕ್ಕೇ ಕೂತಿದ್ದೇನೆ.

ನಾನು ಬರಹಗಾರನಲ್ಲ. ಬಳ್ಳಾರಿಯಲ್ಲಿ ಒಬ್ಬ ವಕೀಲರ ಹತ್ತಿರ ಟೈಪಿಸ್ಟ್ ಆಗಿದ್ದವನು. ಟೈಪು ಹೊಡೆಯುವವನಿಗೆ ತಲೆಗಿಂತ ಬೆರಳು ಮುಂದೆ ಓಡುತ್ತದೆ, ಹಾಗಾಗಿ ಮಾತಾಡಿದಂತೆಯೇ ಬರೆಯುತ್ತೇನೆ, ಹಿಂದುಮುಂದಾದರೆ ಸಹಿಸಿಕೊಳ್ಳಿ. ಇಂಗ್ಲಿಷನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ವಕೀಲರ ಕಾಗದಗಳನ್ನು ಅರ್ಥವಾಗದೆಯೇ ಎರಡು ವರ್ಷ ಹೊಡೆದೆ. ಆಮೇಲೆ ಬೆನ್ನು ಕಿತ್ತುಹೋದ ಒಂದು ನಿಘಂಟನ್ನು ಸಂಪಾದಿಸಿ, ನಾನು ಇಷ್ಟು ದಿನ ಏನು ಹೊಡೆದಿದ್ದೇನೆ ಎಂದು ಒಂದೊಂದಾಗಿ ನೋಡುತ್ತ ಹೋದೆ. ಅಲ್ಲಿಂದ ಹುಚ್ಚು ಹಿಡಿಯಿತು. ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ, ಔಷಧಿ ಬಾಟಲಿಯ ಚೀಟಿಯನ್ನೂ ಬಿಡಲಿಲ್ಲ.

ಕೆಮ್ಮು ಯುದ್ಧ ಮುಗಿದು ಮೂರ್ನಾಲ್ಕು ವರ್ಷವಾದ ಮೇಲೆ ಬಂತು. ಕಚೇರಿಯ ದೂಳು ಅಂದುಕೊಂಡೆ. ಸಂಜೆ ಮೈ ಬಿಸಿಯಾಗುತ್ತಿತ್ತು. ಬಳ್ಳಾರಿಯಲ್ಲಿ ಯಾರ ಮೈ ಬಿಸಿಯಿಲ್ಲ ಅಂದುಕೊಂಡೆ. ಒಂದು ದಿನ ಟೈಪು ಹೊಡೆಯುತ್ತಿದ್ದಾಗ ಕೆಮ್ಮಿ ಕರವಸ್ತ್ರ ತೆಗೆದು ನೋಡಿದರೆ ಕೆಂಪಗಿತ್ತು. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಆ ಪುಟ ಮುಗಿಸಿದೆ. ಅರ್ಧಕ್ಕೆ ಬಿಟ್ಟೆದ್ದರೆ ಅದು ನಿಜವಾಗಿಬಿಡುತ್ತದೆ ಎಂದು ಆಗ ಅನಿಸಿತ್ತು.

ಎಕ್ಸ್‌ರೇ ತೆಗೆಸಿದ ದಿನ ಅಪ್ಪ ಊರಿಂದ ಬಂದಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದೆವು. ಕರೆದಾಗ ಒಳಗೆ ಹೋದರೆ ಡಾಕ್ಟರು ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು, ನನ್ನನ್ನು ಬಿಟ್ಟು ಅಪ್ಪನನ್ನು ನೋಡಿ ಕೇಳಿದರು: "ಮನೆಯಲ್ಲಿ ಎಷ್ಟು ಜನ?"

"ಎಂಟು ಮಂದಿ ಅದೀವ್ರಿ," ಅಂದ ಅಪ್ಪ.

"ಒಂದೇ ಕಡೆ ಮಲಗುತ್ತೀರಾ?"

ಅಪ್ಪನಿಗೆ ಎಲ್ಲ ತಿಳಿಯಿತು. ತಲೆಗೆ ಸುತ್ತಿದ್ದ ರುಮಾಲನ್ನು ಬಿಚ್ಚಿ ಮತ್ತೆ ಸುತ್ತಿಕೊಂಡ. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತ. ಕುರುಗೋಡಿನ ಗುಡ್ಡ ಕಂಡ ಮೇಲೆ ಹೇಳಿದ್ದು ಒಂದೇ ಮಾತು. "ಓಣ್ಯಾಗ ಯಾರಿಗೂ ಗೊತ್ತಾಗಬಾರದಪ. ಗಿರಿಜಾನ ಮಾತು ನಡದೈತಿ."

ಗಿರಿಜಾ ನನ್ನ ತಂಗಿ. ಸಿರುಗುಪ್ಪದ ಮನೆಯೊಂದರ ಜೊತೆ ಅವಳ ಮದುವೆಯ ಮಾತು ನಡೆದಿತ್ತು. ಅಪ್ಪ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕ್ಷಯದ ಮನೆಯಿಂದ ಹೆಣ್ಣು ಯಾರು ತರುತ್ತಾರೆ?

ಬಳ್ಳಾರಿಯ ಹೊರಗಿನ ಕ್ಷಯದ ಆಸ್ಪತ್ರೆಯಲ್ಲಿ ಮಂಚ ಖಾಲಿಯಾಗುವವರೆಗೆ ಒಂದು ತಿಂಗಳು ಮನೆಯಲ್ಲಿದ್ದೆ. ಇಡೀ ಕಾಯಿಲೆಯಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಆ ತಿಂಗಳೇ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗಂಗಾಳ, ಅಂದರೆ ಅಂಚು ಎತ್ತಿದ ಹಿತ್ತಾಳೆಯ ಊಟದ ತಾಟು. ನನ್ನದರ ಅಂಚಿನಲ್ಲಿ "ವೀರೇಶ" ಎಂದು ಚುಕ್ಕಿಚುಕ್ಕಿಯಾಗಿ ಕೊರೆಸಿದೆ. ಪಡಸಾಲೆಯ ಗೋಡೆಗೆ ಎಲ್ಲ ಗಂಗಾಳಗಳನ್ನೂ ಸಾಲಾಗಿ ಆನಿಸಿ ಇಡುತ್ತಾರೆ. ಅಪ್ಪನದು, ಅಣ್ಣನದು, ಅದರ ಪಕ್ಕ ನನ್ನದು. ನಾನು ಬಂದ ಮರುದಿನ ಆ ಸಾಲಿನಲ್ಲಿ ನನ್ನದಿರಲಿಲ್ಲ. ಹಿತ್ತಲಲ್ಲಿ ದನದ ಬಾನಿಯ ಪಕ್ಕ ಒಂದು ಕಲ್ಲಿನ ಮೇಲೆ ಬಿಸಿಲಿಗೆ ಬೋರಲು ಹಾಕಿದ್ದರು. ಊಟದ ಹೊತ್ತಿಗೆ ಅತ್ತಿಗೆ ಅಲ್ಲಿಗೇ ರೊಟ್ಟಿ ತಂದು, ಮೇಲಿನಿಂದ ಬಿಟ್ಟು, ಒಳಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದಳು.

"ನೊಣ ಬರ್ತಾವು," ಅನ್ನುತ್ತಿದ್ದಳು ಬಾಗಿಲ ಸಂದಿಯಿಂದ. ಕೆಟ್ಟವಳಲ್ಲ. ಎರಡು ಕೂಸಿನ ತಾಯಿ.

ಒಳಗಿನಿಂದ ಅವರು ಉಣ್ಣುವ ಸದ್ದು ಕೇಳುತ್ತಿತ್ತು. ಅಣ್ಣ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆಯುವ ಸದ್ದು. ಯಾರೋ ನೀರು ಕೇಳಿದ್ದು. ನಾನು ಎತ್ತಿನ ಜೊತೆ ಉಣ್ಣುತ್ತಿದ್ದೆ.

ಆಸ್ಪತ್ರೆಗೆ ಹೋದಾಗ ಒಂದು ರೀತಿಯಲ್ಲಿ ಹಗುರಾಯಿತು. ಅಲ್ಲಿ ಎಲ್ಲರ ತಾಟೂ ಬೇರೆಯೇ.

ವಾರ್ಡಿನ ಉದ್ದಕ್ಕೂ ಒಂದು ವರಾಂಡ. ಅದರಲ್ಲಿ ಸಾಲಾಗಿ ಕಬ್ಬಿಣದ ಮಂಚಗಳು. ಎದುರಿಗೆ ಬಳ್ಳಾರಿಯ ಬಂಡೆ ಗುಡ್ಡ, ಮಧ್ಯಾಹ್ನ ಅದು ಕಾವಲಿಯ ಹಾಗೆ ಕಾಯುತ್ತಿತ್ತು. ವಾರಕ್ಕೊಮ್ಮೆ ಪಕ್ಕೆಗೆ ಸೂಜಿ ಚುಚ್ಚಿ ಎದೆಯೊಳಗೆ ಗಾಳಿ ತುಂಬುತ್ತಿದ್ದರು. ಕೆಟ್ಟ ಪುಪ್ಪುಸ ಮುದುರಿಕೊಂಡು ಮಲಗಬೇಕಂತೆ, ಆಗ ಅದು ಮಾಯುತ್ತದಂತೆ. ನಾವು ಅದನ್ನು "ಗಾಳಿ" ಅಂತಲೇ ಕರೆಯುತ್ತಿದ್ದೆವು. "ಇವತ್ತ ನಿಂದು ಗಾಳಿ ಐತೇನು?" ಎಂದು ಕೇಳುವುದು, ಇವತ್ತು ನಿನ್ನದು ಕ್ಷೌರ ಇದೆಯೇನು ಎಂದು ಕೇಳಿದಷ್ಟು ಸಲೀಸು. ಸೋಮವಾರ ತೂಕ. ತೂಕದ ಸಾಲಿನಲ್ಲಿ ನಿಂತವರೆಲ್ಲ ಹೊಟ್ಟೆ ತುಂಬ ನೀರು ಕುಡಿದು ಬಂದಿರುತ್ತಿದ್ದರು, ಸಿಸ್ಟರಿಗೆ ಅದು ಗೊತ್ತಿರುತ್ತಿತ್ತು.

ನನಗೆ ಮೊದಲ ನಾಲ್ಕು ತಿಂಗಳು ಮಾತು ಬಂದ್. ಮಾತಾಡಬಾರದು, ನಗಬಾರದು, ಕೆಮ್ಮು ಬಂದರೂ ನುಂಗಬೇಕು. ಪಕ್ಕದ ಮಂಚದ ಈರಣ್ಣನಿಗೆ ಆ ಕಟ್ಟು ಇರಲಿಲ್ಲ. ಮೋಕ ಎಂಬ ಊರಿನವನು, ಹತ್ತಿ ಮಿಲ್ಲಿನಲ್ಲಿ ಕೂಲಿ, ನಲವತ್ತು ದಾಟಿತ್ತು. ನನ್ನ ಪಾಲಿನ ಮಾತನ್ನೂ ಅವನೇ ಆಡುತ್ತಿದ್ದ. ಕನ್ನಡದಲ್ಲಿ ಶುರುಮಾಡಿ, ಸಿಟ್ಟು ಬಂದರೆ ತೆಲುಗಿಗೆ ಹೋಗಿ, ಮತ್ತೆ ಕನ್ನಡಕ್ಕೆ ಬರುತ್ತಿದ್ದ. ಅವನನ್ನು ನೋಡಲು ಒಂದು ದಿನವೂ ಯಾರೂ ಬರಲಿಲ್ಲ. ಅದರ ಬಗ್ಗೆ ಮಾತ್ರ ಮಾತಾಡುತ್ತಿರಲಿಲ್ಲ.

ವಾರ್ಡಿನ ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ವಾರ್ಡಿನೊಳಗೆ ಬಂದ ಪುಸ್ತಕ ಹೊರಗೆ ಹೋಗಬಾರದು ಎಂಬ ನಿಯಮವಿದ್ದುದರಿಂದ, ಹೋದವರ ಪುಸ್ತಕಗಳೆಲ್ಲ ಅದರಲ್ಲಿ ಉಳಿಯುತ್ತಿದ್ದವು. ಹೋದವರು ಎಲ್ಲಿಗೆ ಹೋದರು ಎಂದು ಯಾರೂ ಕೇಳುತ್ತಿರಲಿಲ್ಲ. ಆ ಪೆಟ್ಟಿಗೆಯಲ್ಲೇ ನನಗೆ ಆ ಕಾದಂಬರಿ ಸಿಕ್ಕಿತು. ರಟ್ಟು ಇಲ್ಲ, ಮೊದಲ ಹಾಳೆಗಳನ್ನು ಗೆದ್ದಲು ತಿಂದಿತ್ತು. ಪುಸ್ತಕದ ಹೆಸರಿಲ್ಲ, ಬರೆದವರ ಹೆಸರಿಲ್ಲ. ಇಂಗ್ಲಿಷಿನಲ್ಲಿತ್ತು. ನಾಲ್ಕು ಸಾಲು ಓದಿದ ಮೇಲೆ ಅದು ಜಪಾನಿನ ಒಂದು ಮನೆಯ ಕಥೆ ಎಂದು ಗೊತ್ತಾಯಿತು.

ಜಪಾನು ಅಂದರೆ ನನಗೆ ಪತ್ರಿಕೆಯ ಸುದ್ದಿ ಮಾತ್ರ. ಬರ್ಮಾ, ವಿಮಾನ, ಬಾಂಬು. ನನ್ನ ಕೈಯಲ್ಲಿ ಪುಸ್ತಕ ನೋಡಿ ಈರಣ್ಣ ಕೇಳಿದ, "ಏನ್ಲೇ ಅದು?" ನಾನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವನಿಗೆ ಓದಲು ಬಾರದು. ಸಿಸ್ಟರು ಹೇಳಿದರು, ಜಪಾನಿನ ಕಥೆಯಂತೆ.

"ಯಾರನ್ನ ಕೊಂದ್ರಂತ?"

ನಾನು ತಲೆಯಾಡಿಸಿದೆ. ಯಾರನ್ನೂ ಇಲ್ಲ.

ಅವರು ಕಾಗದದ ಕೊಡೆ ಮಾಡುವವರು. ಒಂದು ಸಣ್ಣ ಊರು. ಹೆಯಿಕಿಚಿ ಎಂಬ ಅಣ್ಣ, ತೋಕು ಎಂಬ ಅವನ ಹೆಂಡತಿ, ಮಸಾಯೆ ಎಂಬ ತಂಗಿ. ಬಿದಿರು ಸೀಳುತ್ತಾರೆ, ಕಾಗದ ಅಂಟಿಸುತ್ತಾರೆ, ಎಣ್ಣೆ ಹಚ್ಚಿ ಅಂಗಳದಲ್ಲಿ ಒಣಗಿಸುತ್ತಾರೆ. ಮಳೆ ಬಂದರೆ ಕೊಡೆಗಳನ್ನು ಒಳಗೆ ಓಡಿಸುತ್ತಾರೆ. ಮಳೆಗೆ ಹೆದರುವ ಕೊಡೆ ಎಂದು ನನಗೆ ನಗು ಬಂತು, ನಗಬಾರದಾಗಿತ್ತು. ಮೂಲಂಗಿ ಉಪ್ಪಿನಲ್ಲಿ ಹಾಕುತ್ತಾರೆ. ಬಾಗಿಲಿಗೆ ಹಚ್ಚಿದ ಕಾಗದ ಹರಿದರೆ ತೇಪೆ ಹಾಕುತ್ತಾರೆ. ತಂಗಿ ಮಸಾಯೆ ಹೋದ ವಸಂತದಿಂದ ಹಿಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಕೆಮ್ಮುತ್ತಾಳೆ. ಏನು ಕಾಯಿಲೆ ಎಂದು ಆ ಪುಸ್ತಕ ಒಂದು ಸಲವೂ ಹೇಳುವುದಿಲ್ಲ, ನನಗೆ ಹೇಳಬೇಕಾಗಿಯೂ ಇರಲಿಲ್ಲ.

ದಿನಕ್ಕೆ ಎರಡು ಪುಟ ಓದುತ್ತಿದ್ದೆ. ನಿಘಂಟು ಜೊತೆಗಿರಲಿಲ್ಲ, ತಿಳಿಯದ ಕಡೆ ಊಹೆ. ಮಾತಾಡಲು ಬಿಟ್ಟ ಮೇಲೆ, ಅಂದರೆ ಐದನೆಯ ತಿಂಗಳು, ಈರಣ್ಣನಿಗೆ ಹೇಳತೊಡಗಿದೆ.

"ಇವತ್ತ ಏನಾತಪ ನಿನ್ನ ಕೊಡಿ ಮಂದಿಗೆ?"

"ಬಾಗಲದ ಕಾಗದ ಹರದಿತ್ತು, ಹಚ್ಚಿದರು."

"ಆಮ್ಯಾಲೆ?"

"ಚಾ ಕುಡದರು."

"ನಮ್ಮ ಎತ್ತು ಇದಕಿಂತ ಜಾಸ್ತಿ ಕೆಲಸ ಮಾಡ್ತೈತಿ ನೋಡು, ಬರೇ ಮೆಲಕ ಹಾಕಿದ್ರೂ." ಹೀಗೆ ಹೇಳಿ ಆ ಕಡೆ ಮಗ್ಗುಲಾಗುತ್ತಿದ್ದ. ಆದರೆ ಮರುದಿನ ಕೇಳುವುದನ್ನು ಬಿಡುತ್ತಿರಲಿಲ್ಲ. ಒಂದು ದಿನ ನಾನು ಜ್ವರದಲ್ಲಿ ಓದದೆ ಮಲಗಿದ್ದಾಗ ಸಿಟ್ಟು ಮಾಡಿದ. "ಮಳಿ ಮೋಡ ಆಗಿತ್ತಂತ ಹೇಳಿ ಮಕ್ಕೊಂಡುಬಿಟ್ಟೀ. ಕೊಡಿ ಒಳಗ ತಂದ್ರೋ ಇಲ್ಲೋ?"

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಮನೆಯಲ್ಲಿ ಓದಬಲ್ಲವನು ನಾನೊಬ್ಬನೇ. ಅಣ್ಣನಿಗೆ ಸಹಿ ಮಾತ್ರ ಬರುತ್ತದೆ. ನನ್ನ ಕಾಗದಗಳನ್ನು ಸಾಲಿಯ ಮಾಸ್ತರರು ನಮ್ಮ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು, ಓಣಿಯವರೂ ಬಂದು ನಿಲ್ಲುತ್ತಿದ್ದರು. ಓಣಿಯ ಪಾಲಿಗೆ ನಾನು ಬಳ್ಳಾರಿಯಲ್ಲಿ ಕೆಲಸದಲ್ಲಿರುವವನು. ಹಾಗಾಗಿ ಜ್ವರ, ಗಾಳಿ, ಕೆಮ್ಮು, ಯಾವುದನ್ನೂ ಬರೆಯುವ ಹಾಗಿರಲಿಲ್ಲ. "ನಾನು ಕ್ಷೇಮ" ಎಂದು ಬರೆದ ಮೇಲೆ ಇನ್ನೇನು ಬರೆಯಲಿ? ಕೊಡೆ ಮಾಡುವವರ ಬಗ್ಗೆ ಬರೆದೆ.

ಪುಸ್ತಕ ಅಂತ ಬರೆಯಲಿಲ್ಲ. ಮೋಸ ಮಾಡಬೇಕೆಂದು ಅಲ್ಲ. ನನಗೆ ಅವರು ಪುಸ್ತಕದವರು ಅನಿಸುತ್ತಲೇ ಇರಲಿಲ್ಲ. "ಇಲ್ಲಿ ಪರದೇಶದ ಒಂದು ಮನೆಯವರ ಸಹವಾಸವಾಗಿದೆ" ಎಂದು ಬರೆದೆ. ಮಾಸ್ತರರಿಗೆ ಓದಲು ತೊಡಕಾಗಬಾರದೆಂದು ಮಸಾಯೆಯನ್ನು ಮಾಸಮ್ಮ ಮಾಡಿದೆ, ಹೆಯಿಕಿಚಿಯನ್ನು ಬರೀ ಅವಳ ಅಣ್ಣ ಅಂದೆ. ಮಾಸಮ್ಮನಿಗೆ ಈ ವಾರ ಜ್ವರ ಕಡಿಮೆ ಎಂದು ಬರೆದೆ. ಆ ವಾರ ನಿಜವಾಗಿ ಕಡಿಮೆಯಾಗಿದ್ದದ್ದು ನನ್ನ ಜ್ವರ. ಯಾರಾದರೂ ಒಬ್ಬರಿಗೆ ಹೇಳಬೇಕಿತ್ತಲ್ಲ.

ಕಾರ್ತಿಕದ ಹೊತ್ತಿಗೆ ಆ ಪುಟ ಬಂತು. ಆ ಮನೆಯಲ್ಲೂ ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಊಟದ ಮಣೆ. ಎಲ್ಲರೂ ಮುಂದಿನ ಕೋಣೆಯಲ್ಲಿ, ಮಾಸಮ್ಮ ಹಿಂದಿನ ಕೋಣೆಯಲ್ಲಿ, ನಡುವೆ ಮುಚ್ಚಿದ ಬಾಗಿಲು. ಒಂದು ಸಂಜೆ ಅಣ್ಣ ಮಾತಿಲ್ಲದೆ ತನ್ನ ಮಣೆ ಎತ್ತಿಕೊಂಡು ಹೋಗಿ, ಬಾಗಿಲು ಸರಿಸಿ, ತಂಗಿಯ ಕೋಣೆಯ ಹೊಸ್ತಿಲಲ್ಲಿ ಕೂತು ಉಣ್ಣುತ್ತಾನೆ. ಯಾಕೆ ಎಂದು ಹೆಂಡತಿ ಕೇಳಿದರೆ, ಇಲ್ಲಿ ಬೆಳಕು ಚೆನ್ನಾಗಿದೆ ಅನ್ನುತ್ತಾನೆ. ಹೊರಗೆ ಆಗಲೇ ಕತ್ತಲಾಗಿರುತ್ತದೆ. ಮರುದಿನ ಹೆಂಡತಿಯೂ ತನ್ನ ಮಣೆ ತರುತ್ತಾಳೆ. ಅಷ್ಟೇ. ಆಮೇಲೆ ಮತ್ತೆ ಬಿದಿರು, ಕಾಗದ, ಎಣ್ಣೆ.

ನಾನು ಹೊದಿಕೆ ಮುಖದ ಮೇಲೆ ಎಳೆದುಕೊಂಡು ಮಲಗಿದೆ. ಆ ಪುಟವನ್ನು ಮನೆಗೆ ಬರೆದೆ, ಒಂದು ಸಾಲೂ ಬಿಡದೆ.

ಅದೇ ತಿಂಗಳು ಸಿರುಗುಪ್ಪದಲ್ಲಿ ಗಿರಿಜಾಳ ಮದುವೆಯಾಯಿತು. ನನಗೆ ರಜೆ ಸಿಗಲಿಲ್ಲ ಎಂದು ಬೀಗರಿಗೆ ಹೇಳಿದರಂತೆ. ಮುಹೂರ್ತದ ಹೊತ್ತಿಗೆ ನಾನು ವರಾಂಡದಲ್ಲಿ ಮಲಗಿ, ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಗುಡ್ಡ ನೋಡುತ್ತಿದ್ದೆ.

ಮದುವೆ ಮುಗಿದ ಮೇಲೆ ಅವ್ವ ಬಂದಳು, ಒಂಬತ್ತು ತಿಂಗಳಲ್ಲಿ ಮೊದಲ ಸಲ. ಮಂಚದಿಂದ ಎರಡು ಮಾರು ದೂರದ ಸ್ಟೂಲಿನ ಮೇಲೆ ಕೂಡಿಸಿದರು. ಕೈಯಲ್ಲಿ ಎರಡು ಗಂಟು.

"ಇದು ನಿನಗ. ಶೇಂಗಾದ ಉಂಡಿ. ಇದು ಮಾಸಮ್ಮಗ."

ನನಗೆ ಅರ್ಥವಾಗಲಿಲ್ಲ. "ಯಾರಿಗೆ?"

"ಮಾಸಮ್ಮಗ. ಎಲ್ಲದಾಳ ಆಕಿ? ಹೆಣ್ಣುಮಕ್ಕಳ ಕಡೆ ಬ್ಯಾರೆ ಇಟ್ಟಾರೇನು? ಒಂದೀಟು ನೋಡಿ ಬರ್ತೀನಿ."

ಎದೆಯೊಳಗಿನ ಗಾಳಿಯೆಲ್ಲ ಒಮ್ಮೆಗೇ ಇಳಿದುಹೋದಂತಾಯಿತು. ಅವ್ವ ಹೇಳುತ್ತಲೇ ಇದ್ದಳು. ಯುದ್ಧದ ಕಾಲದಲ್ಲಿ ಪರದೇಶದ ಕೈದಿಗಳನ್ನು ಬಳ್ಳಾರಿಯಲ್ಲಿ ಇಟ್ಟಿದ್ದರಂತೆ, ಅವರಲ್ಲೇ ಯಾರೋ ಉಳಿದುಕೊಂಡವರಿರಬೇಕು ಎಂದು ಅಪ್ಪನ ಲೆಕ್ಕವಂತೆ.

"ದಿನಾ ಕೇಳ್ತಾನ ನಿಮ್ಮಪ್ಪ. ಕಾಗದ ಬಂತೇನು, ಮಾಸಮ್ಮನ ಜ್ವರ ಹೆಂಗೈತಿ ಅಂತ. ಆಕಿ ಅಣ್ಣ ಬಾಗಲಾಗ ಕುಂತು ಉಂಡಿದ್ದು ಮಾಸ್ತರು ಓದಿದ್ರಲ, ಆವತ್ತ ನಿಮ್ಮಪ್ಪ ಉಣ್ಣಲಿಲ್ಲಪ. ಗಂಗಾಳದಾಗ ಕೈಯಿಟ್ಟು ಹಂಗ ಕುಂತಿದ್ದ." ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಪರದೇಶದೋರು ಅಂಥಾ ಮಂದಿ. ನಾವು ನಿನ್ನ ದನದ ಕೂಡ ಬಿಟ್ವಿ."

ಪುಸ್ತಕ ದಿಂಬಿನ ಕೆಳಗೇ ಇತ್ತು. ತೆಗೆದು ತೋರಿಸಿ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಎಂದು ಬಿಚ್ಚಿ ಹೇಳುತ್ತೇನೆ. ಮನೆಗೆ ಹೋದರೆ ನಾನು ಎಲ್ಲಿ ಕೂತು ಉಣ್ಣಬೇಕು ಎಂಬುದೊಂದೇ ಚಿಂತೆ ನನ್ನನ್ನು ಆ ಒಂಬತ್ತು ತಿಂಗಳೂ ತಿಂದಿತ್ತು. ಸಾಯುವ ಭಯ ಕೂಡ ಅಷ್ಟು ಇರಲಿಲ್ಲ. ಈಗ ಅಪ್ಪನ ಮನಸ್ಸು ಒಂದಿಷ್ಟು ಸರಿದಿದ್ದರೆ ಅದು ಮಾಸಮ್ಮನಿಂದ. ಮಾಸಮ್ಮ ಇಲ್ಲವೇ ಇಲ್ಲ ಅಂದರೆ ಅದು ಮತ್ತೆ ಹಿಂದಕ್ಕೆ ಸರಿದರೆ?

"ಆಕೀನ ನೋಡಾಕ ಬಿಡಂಗಿಲ್ಲವ್ವ," ಅಂದೆ. "ಕೊಡು, ನಾ ಮುಟ್ಟಸ್ತೀನಿ."

ಅವ್ವ ಹೋದ ಮೇಲೆ ಎಲ್ಲವನ್ನೂ ಕೇಳಿಸಿಕೊಂಡಿದ್ದ ಈರಣ್ಣ ಕೈ ಚಾಚಿದ. "ತಗಾ ಇಲ್ಲಿ. ಮಾಸಮ್ಮನ ಪಾಲು ನಾ ತಿಂತೀನಿ. ಆಕಿ ಪಾಪ ಮೂಲಂಗಿ ತಿನ್ನಾಕಿ, ಆಕಿಗೆ ಶೇಂಗಾ ದಕ್ಕಂಗಿಲ್ಲ." ಒಂದು ಉಂಡೆ ತಿಂದು, ಎರಡನೆಯದನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಲೇ ವೀರೇಶ," ಅಂದ. "ಇಲ್ಲದಾಕಿಗೆ ಉಂಡಿ ಬರ್ತಾವು ನೋಡು."

ಅವನಿಗೆ ಯಾರೂ ಏನೂ ತಂದಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಮಿಕ್ಕದ್ದನ್ನೆಲ್ಲ ಅವನ ಮಂಚದ ಮೇಲಿಟ್ಟೆ.

ಸಂಕ್ರಾಂತಿ ಕಳೆದು ಒಂದು ಬೆಳಿಗ್ಗೆ ಈರಣ್ಣನನ್ನು ಬಿಟ್ಟರು. ಗುಣವಾಗಿ ಅಲ್ಲ, ಇನ್ನು ಮಾಡುವುದೇನೂ ಇಲ್ಲ ಎಂದು. ಅದನ್ನು ಅವನಿಗೆ ಹೇಳಿರಲಿಲ್ಲ, ಆದರೆ ಅವನು ನನ್ನನ್ನು ಕೇಳಿದ್ದು, "ಇನ್ನ ಎಷ್ಟು ಪುಟ ಅದಾವು?" ಎಂದು.

"ಮೂವತ್ತು."

"ಏನಾರ ಆಕ್ಕೈತೇನು ಅದರಾಗ?"

"ಗೊತ್ತಿಲ್ಲಣ್ಣ. ಆಗಂಗ ಕಾಣವಲ್ದು."

"ಆಗೋದು ಬ್ಯಾಡ ಬಿಡು," ಅಂದ. ಗಂಟು ಹೆಗಲಿಗೇರಿಸಿ, ವರಾಂಡದ ಉದ್ದಕ್ಕೂ ಕಂಬ ಕಂಬಕ್ಕೂ ಕೈ ಊರುತ್ತ ಹೋದ. ಆ ಮಂಚಕ್ಕೆ ಬಂದ ಹೊಸಬ ಗೋಡೆಯ ಕಡೆ ತಿರುಗಿ ಮಲಗುವವನು. ಇವತ್ತು ಏನಾಯಿತು ಎಂದು ಕೇಳುವವರು ಯಾರೂ ಉಳಿಯಲಿಲ್ಲ. ಎರಡು ಪುಟ ಓದುತ್ತಿದ್ದವನು ಒಂದೇ ಪುಟ ಓದತೊಡಗಿದೆ, ಆ ಮನೆ ಬೇಗ ಮುಗಿಯದಿರಲಿ ಎಂದು. ಆದರೂ ಮುಗಿಯಿತು. ಕೊನೆಯ ಪುಟದಲ್ಲಿ ಮಳೆ ನಿಂತು, ಅಂಗಳದ ತುಂಬ ಕೊಡೆಗಳನ್ನು ಬಿಚ್ಚಿ ಇಡುತ್ತಾರೆ. ಹಿಂದಿನ ಕೋಣೆಯ ಬಾಗಿಲು ತೆರೆದಿರುತ್ತದೆ. ಮಾಸಮ್ಮ ಎದ್ದಳೋ, ಎಂದಾದರೂ ಏಳುತ್ತಾಳೋ, ಒಂದು ಮಾತೂ ಇಲ್ಲ. ನಾನು ಹಾಳೆ ತಿರುಗಿಸಿ ಹಿಂಬದಿ ನೋಡಿದೆ. ಖಾಲಿ.

ಹನ್ನೆರಡನೆಯ ತಿಂಗಳು ನನ್ನ ಕಫದಲ್ಲಿ ಹುಳ ಕಾಣಲಿಲ್ಲ ಅಂದರು. ಮತ್ತೆ ಮತ್ತೆ ನೋಡಿ ಅದೇ ಹೇಳಿದರು. ಗಾಳಿ ಹಾಕಿಸಿಕೊಳ್ಳಲು ಬರುತ್ತಿರಬೇಕು, ತಾಟು ಲೋಟ ಬೇರೆ ಇಟ್ಟುಕೊಳ್ಳಬೇಕು, ಗಾಳಿಯಾಡುವ ಕಡೆ ಮಲಗಬೇಕು ಎಂದು ಹೇಳಿ ಕಳಿಸಿದರು. ಪುಸ್ತಕವನ್ನು ನಾನೇ ತಗಡಿನ ಪೆಟ್ಟಿಗೆಗೆ ಹಾಕಿದೆ. ನಿಯಮ ನಿಯಮವೇ. ಮುಚ್ಚಳ ಹಾಕುವಾಗ, ಅಲ್ಲಿ ಒಬ್ಬಳನ್ನು ಬಿಟ್ಟು ಬಂದಂತಾಯಿತು.

ಮಾಘದ ಚಳಿ ಇನ್ನೂ ಇತ್ತು. ಮನೆಗೆ ಬಂದಾಗ ನನ್ನ ಮಂಚ ಮುಂದಿನ ಕಟ್ಟೆಯ ಮೇಲಿತ್ತು. ಹಿತ್ತಲಲ್ಲಲ್ಲ, ಓಣಿಗೆ ಕಾಣುವ ಹಾಗೆ ಕಟ್ಟೆಯ ಮೇಲೆ. ಗಿರಿಜಾಳ ಮದುವೆ ಆಗಿಹೋಗಿದೆ, ಇನ್ನೇನು ಮುಚ್ಚುವುದು ಎಂದಿರಬಹುದು ಅಂದುಕೊಂಡೆ. ಮಂಚದ ಪಕ್ಕದ ಗೂಡಿನಲ್ಲಿ ನನ್ನ ಗಂಗಾಳ, ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯುತ್ತಿತ್ತು.

ಊಟದ ಹೊತ್ತಾಯಿತು. ನಮ್ಮ ಓಣಿಯಲ್ಲಿ ಉಣ್ಣುವಾಗ ಬಾಗಿಲು ಮುಚ್ಚುವುದು ಪದ್ಧತಿ. ಉಣ್ಣುವವರ ಮೇಲೆ ಮಂದಿಯ ಕಣ್ಣು ಬೀಳಬಾರದು, ದೃಷ್ಟಿಯಾಗುತ್ತದೆ. ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂದು ಗೊತ್ತಾಗುವುದು ವಾಸನೆಯಿಂದ ಮಾತ್ರ. ಅತ್ತಿಗೆ ನನಗೆ ರೊಟ್ಟಿ ಬಡಿಸಿ ಒಳಗೆ ಹೋದಳು. ಇನ್ನು ಬಾಗಿಲು ಮುಚ್ಚುತ್ತಾರೆ ಎಂದು ನಾನು ತಲೆ ತಗ್ಗಿಸಿ ಕೂತೆ.

ಮುಚ್ಚಲಿಲ್ಲ. ಅಪ್ಪ ತನ್ನ ಗಂಗಾಳ ಹಿಡಿದುಕೊಂಡು ಬಂದು ಹೊಸ್ತಿಲ ಒಳಗೆ, ಬಾಗಿಲಿಗೆ ಸರಿಯಾಗಿ, ಓಣಿಗೆ ಮುಖ ಮಾಡಿ ಕೂತ. ನನ್ನ ಕಡೆ ನೋಡಲಿಲ್ಲ. ರೊಟ್ಟಿ ಮುರಿದ.

ಎದುರು ಮನೆಯ ಬಸಪ್ಪ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವನು ನಿಂತ. "ಏನ್ ಮಾವ, ಬಾಗಲಾಗ ಕುಂತು ಉಣ್ಣಾಕತ್ತೀರಿ?"

"ಒಳಗ ಸೆಕಿ ಐತಿ," ಅಂದ ಅಪ್ಪ.

ಬಸಪ್ಪ ಹೊದ್ದುಕೊಂಡಿದ್ದ ಕಂಬಳಿಯನ್ನು ಸರಿಮಾಡಿಕೊಂಡು, ನನ್ನನ್ನೊಮ್ಮೆ ನೋಡಿ, ಎಮ್ಮೆಯ ಹಿಂದೆ ಹೋದ.

ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಮಧ್ಯಾಹ್ನ ಅವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಸುಳ್ಳಿನ ಮೇಲೆ ಸಿಕ್ಕ ಜಾಗ ನನ್ನದು ಎಂದು ಪ್ರತಿ ತುತ್ತಿಗೂ ಅನಿಸುತ್ತಿತ್ತು.

"ಅವ್ವ, ಮಾಸಮ್ಮ ಪುಸ್ತಕದಾಗಿನಾಕಿ. ಆಕಿ ಅಣ್ಣನೂ ಅಷ್ಟ. ಆಸ್ಪತ್ರ್ಯಾಗ ಅಂಥೋರು ಯಾರೂ ಇರಲಿಲ್ಲ."

ಅವ್ವನ ಮೊರ ನಿಂತಿತು. ಒಂದು ಕಲ್ಲು ಹೆಕ್ಕಿ ಓಣಿಗೆ ಎಸೆದಳು. ಇನ್ನೊಂದು ಹೆಕ್ಕಿದಳು.

"ಹಂಗಾರ ಆ ಉಂಡಿ?"

"ಈರಣ್ಣ ತಿಂದ."

"ಆತಗ ಯಾರೂ ಇರಲಿಲ್ಲೇನು?"

"ಇರಲಿಲ್ಲ."

"ಛಲೋ ಆತು ಬಿಡು." ಮೊರ ಮತ್ತೆ ಆಡತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, "ಪುಸ್ತಕದಾಗ ಬರದೋರು ಎಲ್ಲ್ಯಾರ ನೋಡೇ ಬರದಿರ್ತಾರಲ?"

"ಇರಬೌದವ್ವ."

"ಮತ್ತ. ಎಲ್ಲ್ಯೋ ಒಬ್ಬಾತ ಬಾಗಲಾಗ ಕುಂತು ಉಂಡಿರಬೇಕು." ಎದ್ದು ಮೊರ ಕೊಡವಿದಳು. "ನಿಮ್ಮಪ್ಪಗ ನಾ ಹೇಳ್ತೀನಿ. ನೀ ಸುಮ್ಕಿರು."

ಆ ಸಂಜೆ ನಾನು ಗಂಗಾಳದ ಮುಂದೆ ಕೂತು ಬಾಗಿಲನ್ನೇ ನೋಡುತ್ತಿದ್ದೆ. ಒಳಗೆ ಅವ್ವ ಅಪ್ಪನ ಜೊತೆ ಏನೋ ಹೇಳುತ್ತಿರುವುದು ಕೇಳಿಸುತ್ತಿತ್ತು, ಮಾತು ತಿಳಿಯಲಿಲ್ಲ. ಆಮೇಲೆ ಮಾತು ನಿಂತಿತು. ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದಾಗಲೂ ನಾನು ಅಷ್ಟು ಕಾದಿರಲಿಲ್ಲ.

ಅಪ್ಪ ಗಂಗಾಳ ಹಿಡಿದುಕೊಂಡು ಬಂದ. ಹೊಸ್ತಿಲಲ್ಲಿ ಕೂತ. ಈ ಸಲ ಓಣಿಗೆ ಮುಖ ಮಾಡಲಿಲ್ಲ, ಸ್ವಲ್ಪ ನನ್ನ ಕಡೆ ತಿರುಗಿದ್ದ. ಎರಡು ತುತ್ತು ತಿಂದ ಮೇಲೆ ಕೇಳಿದ.

"ಆ ಪುಸ್ತಕದಾಗ ಕಡೀಕ ಆಕಿ ಎದ್ದಳೇನು?"

ಹೂಂ ಅನ್ನಬಹುದಿತ್ತು. ಸುಳ್ಳು ಸಾಕಾಗಿತ್ತು.

"ಹೇಳಿಲ್ಲಪ್ಪ ಅದರಾಗ. ಬಾಗಲ ತೆರದೈತಿ ಅಂತ ಅಷ್ಟ ಬರದಾರ."

ಅಪ್ಪ ತಲೆಯಾಡಿಸಿದ. ಒಳಗೆ ತಿರುಗಿ ಅಣ್ಣನನ್ನು ಕರೆದ. "ಮಲ್ಲಾ, ನೀನೂ ಇಲ್ಲೇ ಬಾರಲೇ. ಅಲ್ಲಿ ಕತ್ತಲದಾಗ ಯಾಕ ಕುಂತೀ."

ಇದು ಆಗಿ ಒಂದು ವರ್ಷವಾಯಿತು. ಅತ್ತಿಗೆ ಇನ್ನೂ ಕೂಸುಗಳನ್ನು ನನ್ನ ಹತ್ತಿರ ಬಿಡುವುದಿಲ್ಲ, ಅದು ಸರಿಯೇ. ಓಣಿಯ ಕೆಲವರು ಕಟ್ಟೆಯ ಮುಂದೆ ಬರುವಾಗ ಆ ಕಡೆ ಸರಿದು ಹೋಗುತ್ತಾರೆ. ಮೋಕಕ್ಕೆ ಹೋಗುವವರ ಕೈಯಲ್ಲಿ ಈರಣ್ಣನಿಗೆ ಹೇಳಿಕಳಿಸಿದೆ, ಪುಸ್ತಕದಲ್ಲಿ ಕೊನೆಗೂ ಏನೂ ಆಗಲಿಲ್ಲ ಎಂದು. ಅದನ್ನು ಮುಟ್ಟಿಸಲು ಅವನು ಸಿಗಲಿಲ್ಲ ಎಂದು ಹೇಳಿದರು. ನಾನು ಮುಂದೆ ಕೇಳಲಿಲ್ಲ.

ಆ ಮನೆಯವರ ಬಗ್ಗೆ ಮಾತಾಡಲು ಈಗ ನನಗೆ ಯಾರೂ ಇಲ್ಲ. ಕುರುಗೋಡಿನಲ್ಲಿ ಜಪಾನಿನ ಕಾದಂಬರಿ ಓದಿದವರು ಎಲ್ಲಿಂದ ಬರಬೇಕು? ಮೋಡ ಕವಿದರೆ ಕೊಡೆಗಳನ್ನು ಒಳಗೆ ತಂದರೋ ಇಲ್ಲವೋ ಎಂದು ಸುಮ್ಮನೆ ಎದ್ದು ಕೂರುತ್ತೇನೆ. ಇದನ್ನು ಓದುವ ನಿಮ್ಮಲ್ಲಿ ಯಾರಾದರೂ, ಕಾಗದದ ಕೊಡೆ ಮಾಡುವ ಅಣ್ಣ, ಅತ್ತಿಗೆ, ಮಲಗಿದ ತಂಗಿ ಇರುವ ಪುಸ್ತಕವನ್ನು ಓದಿದ್ದರೆ ಅದರ ಹೆಸರು ತಿಳಿಸಿ, ಉಪಕಾರವಾಗುತ್ತದೆ. ಓದಿರದಿದ್ದರೂ ಪರವಾಗಿಲ್ಲ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ನೀವು ಕಾಯಿಲೆ ಬಿದ್ದಾಗ ನಿಮ್ಮ ತಾಟನ್ನು ಎಲ್ಲಿಟ್ಟಿದ್ದರು? ನೀವು ಎಲ್ಲಿ ಕೂತು ಉಂಡಿರಿ? ಹೊಸ್ತಿಲವರೆಗೆ ಯಾರು ಬಂದರು, ಏನು ನೆಪ ಹೇಳಿದರು? ಅದನ್ನು ಬರೆಯಿರಿ. ಕಾರ್ಡು ಬಂದರೆ ಇಲ್ಲಿ ಕಟ್ಟೆಯ ಮೇಲೆ ನಾನೇ ಗಟ್ಟಿಯಾಗಿ ಓದುತ್ತೇನೆ. ಕೇಳುವುದಕ್ಕೆ ಅಪ್ಪ ಇರುತ್ತಾನೆ, ಬಾಗಿಲಲ್ಲೇ.